ಹಸಿ ಕೋಸು ತಿಂದ ಕೆಂಪಿ

ಕೇರಳದ ಲಾರಿ ಬಾರದೆ ಕೋಸಿನ ಬೆಲೆ ಬಿದ್ದರೆ ಗುಂಡ್ಲುಪೇಟೆ ಸೀಮೆಯ ದನಕರುಗಳಿಗೆಲ್ಲ ಹಬ್ಬ. ನಾನು ಲಂಗ ತೊಟ್ಟು ಓಡಾಡುತ್ತಿದ್ದಾಗಿನ ಮಾತಿದು. ಕೀಳದೆ ಬಿಟ್ಟ ಕೋಸಿನ ಹೊಲಕ್ಕೆ ನೇಗಿಲು ಬೀಳುವವರೆಗೂ ಯಾರು ಬೇಕಾದರೂ ಇಳಿಯಬಹುದಿತ್ತು. ಕೊಳೆತ ಎಲೆಯ ನಾತ ಮನೆಯೊಳಗಿನ ಸಾರಿಗೂ ಹತ್ತುತ್ತಿತ್ತು. ನಾವು ಮಕ್ಕಳು ಇಡೀ ಕೋಸುಗೆಡ್ಡೆಯನ್ನೇ ಒಬ್ಬರ ತಲೆಗೊಬ್ಬರು ಎಸೆದು ಮೂಗಲ್ಲಿ ರಕ್ತ ಬರಿಸಿಕೊಂಡು ನಗುತ್ತಿದ್ದೆವು.

ನಮ್ಮ ಹಟ್ಟಿಯಲ್ಲಿ ಆಗ ಉಳಿದಿದ್ದದ್ದು ಕೆಂಪಿ ಎಂಬ ಒಂದೇ ಹೆಣ್ಣುಗರು. ಅದರ ತಾಯಿಯನ್ನು ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿ ಹುಲಿ ಹೊಡೆದಿತ್ತು. ಕೆಂಪಿ ಬೆಳೆದು ಕರು ಹಾಕಿದರಷ್ಟೇ ನಮಗೆ ಮತ್ತೆ ಹಾಲು. ಅಪ್ಪ ಅದಕ್ಕೆ ಕಾಳು ಬಡಿದ ಸೂರ್ಯಕಾಂತಿಯ ತಟ್ಟೆಗಳನ್ನು ಕೊಚ್ಚಿ ಹಾಕುತ್ತಿದ್ದ, ಕಡಲೆಕಾಯಿ ಬಳ್ಳಿ ಹಾಕುತ್ತಿದ್ದ, ಹುಣಸೆಬೀಜ ಬೇಯಿಸಿ ಕಲಗಚ್ಚಿನಲ್ಲಿ ಕಲಸಿ ಕುಡಿಸುತ್ತಿದ್ದ. ಕೋಸಿಗೆ ಮಾತ್ರ ಮನೆಯಲ್ಲೊಂದು ಕಟ್ಟಳೆಯಿತ್ತು. ಎಲೆಯನ್ನು ಒಂದು ದಿನ ನೆರಳಲ್ಲಿ ಬಾಡಿಸಿ, ರಾಗಿಹುಲ್ಲಿನ ಜೊತೆ ಬೆರೆಸಿಯೇ ಹಾಕಬೇಕು. ಹಸಿಯದು ಹೊಟ್ಟೆ ಉಬ್ಬಿಸಿ ಕೊಲ್ಲುತ್ತದೆ.

ಅಪ್ಪನ ತಮ್ಮ ಮಾದೇವ ಚಿಕ್ಕಪ್ಪನಿಗೆ ಆ ಕರುವೆಂದರೆ ಪ್ರಾಣ. ಒಂದು ಮಧ್ಯಾಹ್ನ ಮಳೆ ನಿಂತ ಮೇಲೆ, ನೀರು ತೊಟ್ಟಿಕ್ಕುವ ಕೋಸನ್ನು ಬುಟ್ಟಿ ತುಂಬ ತಂದು ಅದರ ಮುಂದೆ ಸುರಿದ.

"ತಾಯಿಲ್ದ ಕೂಸು ಕಣಮ್ಮಿ. ಒಂದಿನ ಒಟ್ಟೆ ತುಂಬ ತಿನ್ಲಿ ಬುಡು" ಎಂದು ನನಗೆ ಹೇಳಿದ.

ಸಂಜೆ ಅಪ್ಪ ಹೊಲದಿಂದ ಬರುವಷ್ಟರಲ್ಲಿ ಕೆಂಪಿ ನೆಲಕ್ಕೆ ಬಿದ್ದಿತ್ತು. ಹೊಟ್ಟೆ ತಮಟೆಯ ಹಾಗೆ ಬಿಗಿದು, ನಾಲಗೆ ಹೊರಚಾಚಿತ್ತು.

"ಯಾವನ್ಲಾ ಅಸಿ ಕೋಸು ಆಕ್ದೋನು?"

"ನಾನೇ ಕಣಣ್ಣ, ಅಸ್ಕಂಡಿತ್ತು..."

ಅಪ್ಪ ದನ ಕಟ್ಟುವ ಗೂಟ ಕಿತ್ತು ಬೀಸಿದ. ಏಟು ಎಡಗಿವಿಯ ಮೇಲೆ ಬಿತ್ತು. ಚಿಕ್ಕಪ್ಪ ಗಂಜಲದಲ್ಲಿ ಉರುಳಿದ. ಬಿದ್ದವನನ್ನು ಅಪ್ಪ ಒದ್ದ, ಇನ್ನೊಮ್ಮೆ ಒದ್ದ.

"ತಾಯ್ನ ಉಲಿ ತಿಂತು, ಮಗಳ ನೀ ತಿಂದ್ಬುಟ್ಟೆ!"

ಅಷ್ಟರಲ್ಲಿ ಅಜ್ಜಿ ಚೂರಿ ಹಿಡಿದು ಬಂದಳು. ಅವಳು ಇಬ್ಬರಲ್ಲಿ ಯಾರನ್ನು ತಿವಿಯುತ್ತಾಳೋ ಎಂದು ನಾನು ಕಿರುಚಿಕೊಂಡೆ.

"ಆಮೇಲೆ ಒಡ್ದಾಡಿ ಸಾಯ್ರಿ! ಮೊದ್ಲು ಕರ ಇಡ್ಕಳಿ! ಓಗಮ್ಮಿ, ಪರಂಗಿ ಎಲೆ ದಂಟು ಕಿತ್ಕಬಾ!"

ನಾನು ದಂಟು ತಂದಾಗ ಅಪ್ಪ ಕೆಂಪಿಯ ಕಾಲು ಹಿಡಿದಿದ್ದ. ಚಿಕ್ಕಪ್ಪ ಕರುವಿನ ತಲೆಯನ್ನು ಎದೆಗೆ ಅವುಚಿಕೊಂಡಿದ್ದ. ಅವನ ಕಿವಿಯ ರಕ್ತ ಅದರ ಮುಖದ ಮೇಲೆ ಇಳಿಯುತ್ತಿತ್ತು. ಅಜ್ಜಿ ಪಕ್ಕೆಯ ಉಬ್ಬನ್ನು ಅಂಗೈಯಲ್ಲಿ ತಡವಿ ನೋಡಿ ಚೂರಿ ತಿವಿದಳು. ಕೆಂಪಿ ಅರಚಿತು. ಬುಸ್ಸೆಂದು ಗಾಳಿ ಹೊರನುಗ್ಗಿ, ಹಸಿರು ನೊರೆ ಅವಳ ಮುಖಕ್ಕೆ ರಾಚಿತು. ತೂತು ಮುಚ್ಚಿಕೊಳ್ಳದ ಹಾಗೆ ಅದರೊಳಗೆ ಪರಂಗಿ ದಂಟಿನ ಕೊಳವೆ ತುರುಕಿ ಹಿಡಿದು ಕೂತಳು. ಹೊಟ್ಟೆ ಇಳಿಯುತ್ತ ಬಂತು.

ಕೆಂಪಿ ಬದುಕಿತು, ಕರು ಹಾಕಿತು, ಚರಿಗೆ ತುಂಬ ಹಾಲು ಕೊಟ್ಟಿತು. ಕುಡಿಯಲು ಚಿಕ್ಕಪ್ಪ ಇರಲಿಲ್ಲ. ಮರುದಿನವೇ ಪುಣಜನೂರಿನ ನನ್ನ ಸೋದರತ್ತೆಯ ಮನೆಗೆ ಹೋದವನು ಅಲ್ಲೇ ನಿಂತ. ನಾವು ಹೆಂಗಸರು ಹೋಗಿ ಬಂದು ಮಾಡುತ್ತಿದ್ದೆವು. ಅಣ್ಣತಮ್ಮಂದಿರು ಮಾತ್ರ ಅಜ್ಜಿಯನ್ನು ಮಣ್ಣು ಮಾಡಿದ ದಿನವೂ ಮಾತಾಡಲಿಲ್ಲ. ಇಬ್ಬರ ಮೇಲೂ ನನಗೆ ಈಗಲೂ ಸಿಟ್ಟಿದೆ.

ಹೋದ ವರ್ಷ ಅಪ್ಪ ತಾನಾಗಿಯೇ ಪುಣಜನೂರಿಗೆ ಹೊರಟ, ಜೊತೆಗೆ ನಾನೂ ಹೋದೆ. ಚಿಕ್ಕಪ್ಪ ಜಗಲಿಯ ಮೇಲೆ ರಸ್ತೆ ನೋಡುತ್ತ ಕೂತಿದ್ದ. ಅಪ್ಪ ಅವನ ಎಡಕ್ಕೆ ಕೂತು, ತಲೆ ಬಗ್ಗಿಸಿ, "ತಪ್ಪಾಗೋಯ್ತು ಕಣ್ಲಾ ಮಾದೇವ" ಎಂದ. ಚಿಕ್ಕಪ್ಪ ತಿರುಗಲಿಲ್ಲ. ಬಹಳ ಹೊತ್ತು ಕಾದ ಅಪ್ಪ ಎದ್ದು ನನ್ನ ಬಳಿ ಬಂದ.

"ಇವ್ನ ಸಿಟ್ಟು ಇನ್ನೂ ಇಳ್ದಿಲ್ಲ. ನಡಿಯಮ್ಮಿ, ಓಗನ."

"ಅಪ್ಪಾ, ನೀ ಒಡ್ದ ಆ ಎಡಗಿವಿ ಅವತ್ತಿಂದ್ಲೂ ಕೇಳ್ಸಲ್ಲ" ಎಂದೆ.

ಅಪ್ಪನಿಗೆ ಅದು ಗೊತ್ತೇ ಇರಲಿಲ್ಲ. ಗೂಡುಗಣ್ಣುಗಳಿಂದ ನನ್ನನ್ನು ನೋಡಿದ. ಆಮೇಲೆ ಜಗಲಿ ಸುತ್ತಿ ಹೋಗಿ ತಮ್ಮನ ಬಲಕ್ಕೆ ಕೂತ. ಚಿಕ್ಕಪ್ಪ ಈಗ ಅವನ ಕಡೆ ತಿರುಗಿ ಕಾದ. ಅಪ್ಪನ ಬಾಯಿ ತೆರೆಯಿತು. ಆ ಮಾತು ಎರಡನೆಯ ಸಲ ಬರಲಿಲ್ಲ.