ಉಪ್ಪಿನ ಕಾಲಂ

ಪುಟವನ್ನು ಕಾಲಂಗಳಾಗಿ ಒಡೆಯುವುದನ್ನು ನಾನು ಕಲಿತದ್ದು ಲಿಂಗಸುಗೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಿಂದಿನ ಕೋಣೆಯಲ್ಲಿ. ಅಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ಚಪ್ಪಲಿ ಹೊರಗೆ ಬಿಟ್ಟು, ಕೈ ಒರೆಸಿಕೊಂಡು ಅದರ ಮುಂದೆ ಕೂರಬೇಕಿತ್ತು. ಕಲಿಸುವವರು ಪರದೆಯ ಮೇಲೆ ಉದ್ದನೆಯ ಮೂರು ಡಬ್ಬಿ ಎಳೆದು, ಒಂದನ್ನು ಇಲಿಯ ಬಾಲ ಹಿಡಿದಂತೆ ಮೌಸಿನಿಂದ ಹಿಡಿದು ಆಚೆ ಇಟ್ಟು ತೋರಿಸಿದರು. ಒಳಗಿದ್ದ ಅಕ್ಷರಗಳೆಲ್ಲ ಡಬ್ಬಿಯ ಜೊತೆಗೇ ಹೋದವು. ಬರೆದದ್ದನ್ನು ಅಳಿಸದೆ, ಹರಿಯದೆ ಹೀಗೆ ಎತ್ತಿ ಇನ್ನೊಂದು ಕಡೆ ಇಡಬಹುದು ಎಂಬುದೇ ನನಗೆ ದೊಡ್ಡ ಸೋಜಿಗವಾಗಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆರು ತಿಂಗಳು ಕಲಿತ ಮೇಲೆ ಸಿಂಧನೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಮನೆ ಮಸ್ಕಿಯಲ್ಲಿ. ದಿನಾ ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ ಹತ್ತುತ್ತಿದ್ದೆ. ಲಗ್ನಪತ್ರಿಕೆ, ಶಾಲೆಯ ಪ್ರಶ್ನೆಪತ್ರಿಕೆ, ಬೀಜದ ಅಂಗಡಿಯ ಕರಪತ್ರ, ಇವೇ ನನ್ನ ಕೆಲಸ. ಅಂಗಡಿಯ ಮಾಲಕರು ನಲವತ್ತು ದಾಟಿದವರು, ಮಾತು ಕಡಿಮೆ. ನನ್ನನ್ನು ತಂಗಿ ಎನ್ನುತ್ತಿದ್ದರು. ಕರೆಂಟ್ ಹೋಗುವ ಹೊತ್ತನ್ನು ಮಾತ್ರ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದರು.

ಆ ಬೇಸಿಗೆಯಲ್ಲಿ ಒಬ್ಬ ನರ್ಸಮ್ಮ ಬಂದರು. ನೌಕರಿಯಿಂದ ನಿವೃತ್ತರಾದ ಮೇಲೂ ಕೈಚೀಲ ಹಿಡಿದು ಹಳ್ಳಿ ತಿರುಗುವುದನ್ನು ಬಿಟ್ಟಿರಲಿಲ್ಲ. ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಸುತ್ತಲಿನ ಊರುಗಳಲ್ಲಿ ಮಕ್ಕಳಿಗೆ ವಾಂತಿಭೇದಿ ಶುರುವಾಗಿತ್ತು. ಮನೆಯಲ್ಲೇ ಸಕ್ಕರೆ, ಉಪ್ಪು ಹಾಕಿ ನೀರು ಮಾಡಿ ಕುಡಿಸುವುದು ಹೇಗೆ ಎಂಬ ಚೀಟಿ ಅವರಿಗೆ ಬೇಕಾಗಿತ್ತು.

“ಉದ್ದುದ್ದ ಬರದ್ರ ಯಾರೂ ಓದೂದಿಲ್ಲವ್ವ. ಮೂರು ಕಾಲಂ ಮಾಡು. ನೀರು ಎಷ್ಟು, ಸಕ್ಕರಿ ಎಷ್ಟು, ಉಪ್ಪು ಎಷ್ಟು. ಮುಗೀತು,” ಎಂದರು.

ಹಾಗೇ ಮಾಡಿದೆ. ಮೇಲೆ ಕಪ್ಪು ಪಟ್ಟಿಯಲ್ಲಿ ಮೂರು ತಲೆಬರಹ: ನೀರು, ಸಕ್ಕರೆ, ಉಪ್ಪು. ಕೆಳಗೆ ಮೂರು ಕಾಲಂ, ಅವುಗಳೊಳಗೆ ಅಳತೆ ಮಾತ್ರ. ಒಂದು ಲೋಟ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು. ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆಯ ಕಾಲಂನಲ್ಲಿ ಒಂದು ಚಮಚದ ಚಿತ್ರ, ಉಪ್ಪಿನ ಕಾಲಂನಲ್ಲಿ ಚಿಟಿಕೆ ಹಿಡಿದ ಬೆರಳುಗಳ ಚಿತ್ರ. ಸಿಸ್ಟರ್ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಸರಿ ಐತಿ ಎಂದು ಹೇಳಿ, ಜೆರಾಕ್ಸ್ ತೆಗೆದಿಡಿರಿ, ಸಂಜೆ ಒಯ್ಯುತ್ತೇನೆ ಎಂದು ಹೋದರು.

ಅವರು ಹೋದ ಮೇಲೆ ನನಗೆ ಚಮಚದ ಚಿತ್ರ ಕಣ್ಣಿಗೆ ಚುಚ್ಚತೊಡಗಿತು. ಅದರ ಹಿಡಿಕೆ ಉದ್ದವಾಗಿ, ಪಕ್ಕದ ನೀರಿನ ಕಾಲಂಗೆ ತಾಗುತ್ತಿತ್ತು. ಬಲಗಡೆ ಅಂಚಿನಲ್ಲಿ ಜಾಗ ಖಾಲಿ ಇತ್ತು. ಚಮಚದ ಕಾಲಂ ಅನ್ನು ಎತ್ತಿ ಬಲಕ್ಕೆ ಇಟ್ಟೆ, ಬೆರಳಿನ ಕಾಲಂ ಅನ್ನು ನಡುವೆ ತಂದೆ. ಪುಟ ಅಂದವಾಯಿತು. ಕರೆಂಟ್ ಹೋಗಲು ಇನ್ನು ಐದೇ ನಿಮಿಷವಿತ್ತು. ಪ್ರಿಂಟ್ ಕೊಟ್ಟೆ. ಹಾಳೆ ಹೊರಗೆ ಬಂದಾಗ ಅದರ ಅಂದವನ್ನಷ್ಟೇ ನೋಡಿದೆ. ಸಂಜೆ ಸಿಸ್ಟರ್ ಬಂದು ಕಟ್ಟು ಒಯ್ದರು. ಬೆಳಿಗ್ಗೆ ಓದಿದ್ದೇ ಅಲ್ಲವೇ ಎಂದು ಅವರೂ ಬಿಚ್ಚಿ ನೋಡಲಿಲ್ಲ.

ಒಂದು ಪ್ರತಿಯನ್ನು ಮನೆಗೆ ಒಯ್ದೆ, ಅವ್ವನಿಗಾಗಿ. ಅವ್ವ ಕಳೆ ಕೀಳುವ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ವರ್ಷದ ಬಹುಪಾಲು ಕುರಿ ಹಿಂಡಿನ ಜೊತೆ ಹೊರಗೇ ಇರುತ್ತಿದ್ದ. ಸಾಕ್ಷರತೆಯ ತರಗತಿ ನಮ್ಮ ಓಣಿಗೆ ಬಂದಾಗ ಅವ್ವ ಸೇರಿಕೊಂಡು, ಆ ವಯಸ್ಸಿನಲ್ಲಿ ಅಕ್ಷರ ಕಲಿತಿದ್ದಳು. ನಾನು ಮಾಡಿದ ಕಾಗದ ಏನು ಸಿಕ್ಕರೂ ಓದುತ್ತಿದ್ದಳು, ಲಗ್ನಪತ್ರಿಕೆಯನ್ನು ಕೂಡ ಮುಹೂರ್ತದಿಂದ ಹಿಡಿದು ಕೊನೆಯ ಹೆಸರಿನವರೆಗೆ.

ಮರುದಿನ ಬೆಳಿಗ್ಗೆ ನಾನು ಜಡೆ ಹಾಕಿಕೊಳ್ಳುತ್ತಿದ್ದೆ. ಅವ್ವ ಹೊಸ್ತಿಲ ಬೆಳಕಿನಲ್ಲಿ ಕೂತು ಬೆರಳಿಟ್ಟು ಓದುತ್ತಿದ್ದಳು. ತಲೆಬರಹ ಓದಿ, ಬೆರಳನ್ನು ನೇರ ಕೆಳಗೆ ಜಾರಿಸಿ, ಕೆಳಗಿದ್ದುದನ್ನು ಓದುತ್ತಿದ್ದಳು.

“ನೀರು... ಒಂದು ಲೋಟ. ಸಕ್ಕರೆ... ಒಂದು ಚಿಟಿಕೆ. ಉಪ್ಪು... ಒಂದು ಚಮಚ.” ಇನ್ನೊಮ್ಮೆ ಬೆರಳು ಜಾರಿಸಿ ನೋಡಿ ಕೇಳಿದಳು: “ಯವ್ವಾ, ಲೋಟಕ್ಕ ಚಮಚ ಉಪ್ಪು ಹಾಕಿದ್ರ ಕೂಸು ಹೆಂಗ ಕುಡಿತೈತಿ?”

“ಚಿಟಿಕಿ ಬೇ, ಚಮಚ ಅಲ್ಲ. ನೀ ತಪ್ಪು ಓದಾಕತ್ತೀ,” ಎಂದೆ.

“ಇಲ್ಲಿ ಚಮಚ ಐತಲ್ಲ. ಚಿತ್ರಾನೂ ಐತಿ.”

ಬಾಗಿ ನೋಡಿದೆ. ಕಾಲಂಗಳು ಜಾಗ ಬದಲಿಸಿದ್ದವು, ಮೇಲಿನ ಕಪ್ಪು ಪಟ್ಟಿ ಇದ್ದಲ್ಲೇ ಇತ್ತು. ಅದು ಬೇರೆಯದೇ ಡಬ್ಬಿ. ನಾನು ಅದನ್ನು ಮುಟ್ಟಿಯೇ ಇರಲಿಲ್ಲ. ಕೆಳಗಿನ ಸಾಲು ನೋಡಿದೆ. ಒಂದು ಲೀಟರಿಗೆ ಆರು ಚಮಚ ಉಪ್ಪು. ಹೆಣೆಯುತ್ತಿದ್ದ ಜಡೆ ಕೈಯಿಂದ ಬಿಚ್ಚಿಹೋಯಿತು.

“ಕೂಸಿಗೆ ಏನಾರ ಆಗತದೇನು?” ಅವ್ವ ಕೇಳಿದಳು. ನಾನು ಕಾಗದ ಕಿತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ.

ಆ ಬಸ್ಸು ಅಷ್ಟು ನಿಧಾನ ಎಂದೂ ಹೋಗಿರಲಿಲ್ಲ. ಡ್ರೈವರ್ ಕೈಯೆತ್ತಿದವರಿಗೆಲ್ಲ ನಿಲ್ಲಿಸುತ್ತಿದ್ದ. ಕೂಸನ್ನು ಎತ್ತಿಕೊಂಡ ಒಬ್ಬಾಕೆ ಹತ್ತಿ ಪಕ್ಕದಲ್ಲೇ ಕೂತಳು. ಅವಳ ಕೂಸು ನಿದ್ದೆಯಲ್ಲಿತ್ತು. ಅದು ಬರೀ ನಿದ್ದೆಯೇ ಎಂದು ನಾನು ಅದರ ಹೊಟ್ಟೆ ಏರಿಳಿಯುವುದನ್ನು ಸಿಂಧನೂರು ಬರುವವರೆಗೂ ನೋಡುತ್ತ ಕೂತೆ.

ಮಾಲಕರು ಆಗತಾನೇ ಶಟರ್ ಎತ್ತುತ್ತಿದ್ದರು. ಕಾಗದ ಅವರ ಮುಂದೆ ಹಿಡಿದೆ. ತಲೆಬರಹದ ಮೇಲೆ ಬೆರಳಿಟ್ಟು ತೋರಿಸಿದೆ. ಅವರೂ ಬೆರಳಿಟ್ಟು ಕೆಳಗಿನವರೆಗೆ ಓದಿದರು.

“ಯಾರರ ಓದ್ಯಾರೇನು ಇಷ್ಟರಾಗ?” ಎಂದರು. ಆಮೇಲೆ ದನಿ ತಗ್ಗಿಸಿ, “ಪೊಲೀಸ್ ಕೇಸ್ ಆದ್ರ ನಿನ್ನ ಹೆಸರಿಗೆ ಬರೂದಿಲ್ಲ ತಂಗಿ, ನನ್ನ ಅಂಗಡಿ ಹೆಸರಿಗೆ ಬರ್ತದ. ಸುಮ್ಮನ ಇದ್ದುಬಿಡೋಣೇನು?” ಎಂದರು.

ಸುಮ್ಮನಿರಬಹುದು ಎಂಬ ಆಸೆ ನನ್ನಲ್ಲೂ ಒಂದು ಕ್ಷಣ ಇತ್ತು. ಅದನ್ನು ಇಂದು ಮುಚ್ಚಿಡುವುದಿಲ್ಲ. ಅಷ್ಟರಲ್ಲಿ ಅವರೇ ಎತ್ತಿದ್ದ ಶಟರನ್ನು ಕೆಳಗೆ ಎಳೆದು, “ನಡಿ, ಜಲ್ದಿ,” ಎಂದು ಲೂನಾ ಗಾಡಿ ಹೊರಗೆ ತಂದರು.

ಸಿಸ್ಟರ್ ಮನೆಗೆ ಬೀಗ. ಪಕ್ಕದ ಮನೆಯವರು ಹೇಳಿದರು: ನಿನ್ನೆ ಸಂಜೆಯೇ ಗೊರೇಬಾಳಕ್ಕೆ ಹೋಗಿ ಸ್ವಲ್ಪ ಹಂಚಿ ಬಂದಿದ್ದಾರೆ, ಉಳಿದ ಕಟ್ಟು ತೆಗೆದುಕೊಂಡು ಬೆಳಿಗ್ಗೆ ಆರ್.ಎಚ್. ಕ್ಯಾಂಪ್ ಎಂಬ ಊರಿಗೆ ಹೋಗಿದ್ದಾರೆ.

“ನಾ ಕ್ಯಾಂಪಿಗೆ ಹೋಗಿ ಸಿಸ್ಟರನ್ನ ಹಿಡಿತೀನಿ. ನೀ ಗೊರೇಬಾಳಕ್ಕ ಹೋಗು. ಒಂದೂ ಬಿಡಬ್ಯಾಡ,” ಎಂದು ಮಾಲಕರು ನನ್ನನ್ನು ಆಟೊ ಹತ್ತಿಸಿದರು.

ಗೊರೇಬಾಳದಲ್ಲಿ ಮೊದಲು ಕಂಡದ್ದು ಚಹಾದ ಹೋಟೆಲ್ಲಿನ ಗೋಡೆಗೆ ಅಂಟಿಸಿದ್ದ ಚೀಟಿ. ಉಗುರಿನಿಂದ ಕೆರೆದು ಕಿತ್ತೆ. ಹೋಟೆಲ್ಲಿನವನು ಯಾಕೆ ಎಂದು ಕೇಳಿದ. ಗಲತ್ ಆಗೈತಿ ಎಂದಷ್ಟೇ ಹೇಳಿದೆ. ಅಂಗನವಾಡಿಯ ಟೀಚರ್, ಸಿಸ್ಟರ್ ಜೊತೆ ತಿರುಗಿ ಯಾವ ಯಾವ ಮನೆಗೆ ಕೊಟ್ಟಿದ್ದೇವೆಂದು ನೆನಪು ಮಾಡಿ ಹೇಳಿ, ತಾವೂ ನನ್ನ ಜೊತೆ ಹೊರಟರು. ಬಾಗಿಲು ಬಾಗಿಲಿಗೆ ಹೋದೆವು. ಒಂದು ಮನೆಯಲ್ಲಿ ಚೀಟಿಯನ್ನು ಕನ್ನಡಿಯ ಹಿಂದೆ ಸಿಕ್ಕಿಸಿದ್ದರು, ಒಂದು ಮನೆಯಲ್ಲಿ ಮಕ್ಕಳು ದೋಣಿ ಮಾಡಿ ಕಾಲುವೆಗೆ ಬಿಟ್ಟಿದ್ದರು. ಆ ದೋಣಿಯ ಸುದ್ದಿ ಕೇಳಿ ನನಗೆ ಜೀವ ಬಂದಂತಾಯಿತು.

ಕೊನೆಯ ಮನೆಗೆ ಬೀಗ ಹಾಕಿತ್ತು. ಎದುರು ಮನೆಯ ಹೆಂಗಸು ಹೇಳಿದಳು: “ಅವರು ಇಲ್ಲ. ಕೂಸಿಗೆ ರಾತ್ರಿಯಿಂದ ಜೋರಾತು. ಕಣ್ಣು ತಗಿಯಲಿಲ್ಲ. ಬೆಳಿಗ್ಗೆ ಸಿಂಧನೂರ ದವಾಖಾನಿಗೆ ಒಯ್ದಾರ.”

ಕಟ್ಟೆಯ ಮೇಲೆ ನನ್ನ ಚೀಟಿ ಇತ್ತು. ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಚೊಂಬು ಇಟ್ಟಿದ್ದರು. ಚೊಂಬಿನಲ್ಲಿ ಅರ್ಧ ನೀರು. ನಾನು ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡೆ. ಉಪ್ಪು ಗಂಟಲವರೆಗೆ ಉರಿಯಿತು. ಅಲ್ಲೇ ಕೂತೆ. ಅರ್ಧ ಚೊಂಬು ಇಲ್ಲಿದೆ, ಉಳಿದ ಅರ್ಧ ಎಲ್ಲಿ ಹೋಯಿತು ಎಂಬ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು.

ಟೀಚರ್ ಆ ನೀರನ್ನು ಚೆಲ್ಲಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದರು. “ಕೂತ್ರ ಆಗೂದಿಲ್ಲ. ದವಾಖಾನಿಗೆ ಹೋಗಿ ಡಾಕ್ಟರಿಗೆ ಹೇಳು. ಅವರಿಗೆ ಗೊತ್ತಾಗಬೇಕು.”

ದವಾಖಾನೆಯ ಮಕ್ಕಳ ವಾರ್ಡಿನ ಬಾಗಿಲಲ್ಲಿ ನಾನು ಎಷ್ಟು ಹೊತ್ತು ನಿಂತೆನೋ. ಒಳಗೆ ಗೊರೇಬಾಳದ ಆ ಕೂಸು ಮಂಚದ ಮೇಲಿತ್ತು, ವರ್ಷ ತುಂಬಿರಲಿಲ್ಲ. ನೆತ್ತಿ ಗುಳಿ ಬಿದ್ದಿತ್ತು. ಪುಟ್ಟ ಕೈಗೆ ಸಲೈನ್ ಸೂಜಿ ಚುಚ್ಚಿ ಬಟ್ಟೆ ಸುತ್ತಿದ್ದರು. ಪಕ್ಕದಲ್ಲಿ ಅಜ್ಜಿ, ಕೆಳಗೆ ನೆಲದ ಮೇಲೆ ತಾಯಿ. ಹೇಳಿದರೆ ಹೊಡೆಯಬಹುದು, ಪೊಲೀಸರನ್ನು ಕರೆಯಬಹುದು. ಹೇಳದಿದ್ದರೆ ಡಾಕ್ಟರಿಗೆ ಕೂಸಿನ ಹೊಟ್ಟೆಯಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಡಾಕ್ಟರ್ ಪಕ್ಕದ ಮಂಚ ಮುಗಿಸಿ ಹೊರಗೆ ಬಂದರು. ಚೀಟಿ ಮುಂದೆ ಹಿಡಿದೆ.

“ಸರ್, ಇದನ್ನ ಮಾಡಿದಾಕಿ ನಾನು. ಸಕ್ಕರಿ ಕಾಲಂ, ಉಪ್ಪಿನ ಕಾಲಂ ಅದಲು ಬದಲು ಆಗ್ಯಾವ. ಈ ಕೂಸಿನ ಮನಿಯವರು ಇದನ್ನ ನೋಡಿ ನೀರು ಮಾಡ್ಯಾರ.”

ಡಾಕ್ಟರ್ ಬಯ್ಯಲಿಲ್ಲ. ಅದು ನನಗೆ ಇನ್ನೂ ಹೆಚ್ಚು ಹೆದರಿಕೆ ಹುಟ್ಟಿಸಿತು. ತಿರುಗಿ ಒಳಗೆ ಹೋಗಿ ಅಜ್ಜಿಯನ್ನು ಕೇಳಿದರು: “ಉಪ್ಪಿನ ನೀರು ಎಷ್ಟು ಕುಡಿಸಿದ್ರಿ?”

“ಎರಡು ಚಮಚ ಕುಡಿಸಿದೆವ್ರಿ. ಎರಡೂ ಉಗುಳಿತು,” ಎಂದಳು ಅಜ್ಜಿ. “ಯಾಕ ಉಗುಳತೈತಿ ಅಂತ ನಾನೇ ಬಾಯಾಗ ಹಾಕ್ಕೊಂಡು ನೋಡಿದೆ. ಉಪ್ಪಿನಕಾಯಿ ನೀರು ಇದ್ದಂಗ ಇತ್ತು. ಬಿಟ್ಟೆ.”

“ಅರ್ಧ ಚೊಂಬು ಖಾಲಿ ಇತ್ತಲ್ಲಮ್ಮಾ,” ನಾನು ಬಾಗಿಲಿನಿಂದಲೇ ಕೇಳಿಬಿಟ್ಟೆ.

ಅಜ್ಜಿ ನನ್ನ ಕಡೆ ತಿರುಗಿದಳು. “ಮಾಡಿದ್ದೇ ಅರ್ಧ ಚೊಂಬು. ನೀ ಯಾರು?”

ಹೇಳಿದೆ. ಡಾಕ್ಟರಿಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ, ನೆಲ ನೋಡುತ್ತ. ತಾಯಿ ತಲೆ ಎತ್ತಿದವಳು ಹಾಗೇ ನನ್ನನ್ನು ನೋಡುತ್ತ ಕೂತಳು. ಮಾತಾಡಿದ್ದು ಅಜ್ಜಿ.

“ನನಗ ಓದಾಕ ಬರೂದಿಲ್ಲ. ಸೊಸಿ ಓದಿದ್ಲು. ಕೂಸು ಮೊದಲನೇದ್ದು ಉಗುಳಿತು, ಆದ್ರೂ ಕಾಗದದಾಗ ಬರದೈತೆಲ್ಲ ಅಂತ ಎರಡನೇ ಸಲಾನೂ ಕುಡಿಸಿದ್ವಿ.”

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹೊಟ್ಟೆಗೆ ಹೆಚ್ಚು ಹೋದಂತಿಲ್ಲ, ಭೇದಿಯಿಂದಲೇ ಕೂಸು ಇಷ್ಟು ಸೋತಿರಬೇಕು, ಆದರೆ ಖಚಿತವಾಗಿ ಹೇಳಲಾರೆ, ಉಚ್ಚೆ ಹೊಯ್ಯುವವರೆಗೆ ಕಾಯಬೇಕು ಎಂದರು ಡಾಕ್ಟರ್. ಕಾದೆವು. ಮಾಲಕರು ಬಂದರು, ಸಿಸ್ಟರನ್ನೂ ಕರೆತಂದರು. ಕ್ಯಾಂಪಿನಲ್ಲಿ ಸಿಸ್ಟರ್ ಆಗತಾನೇ ಹಂಚಲು ಶುರು ಮಾಡಿದ್ದರಂತೆ. ಇಬ್ಬರೂ ಮನೆ ಮನೆ ತಿರುಗಿ ಕೊಟ್ಟದ್ದನ್ನೆಲ್ಲ ವಾಪಸ್ ತಂದಿದ್ದರು. ಸಿಸ್ಟರ್ ನನ್ನ ಜೊತೆ ಮಾತಾಡಲಿಲ್ಲ. ಮಂಚದ ಪಕ್ಕ ನಿಂತು ಕೂಸಿನ ಕಾಲಿನ ಚರ್ಮ ಹಿಡಿದು ಬಿಟ್ಟು ನೋಡುತ್ತಿದ್ದರು. ಚರ್ಮ ಮತ್ತೆ ನೆಟ್ಟಗಾಗಲು ತಡವಾಗುತ್ತಿತ್ತು.

ಮಧ್ಯಾಹ್ನ ಇಳಿಯಿತು. ಫ್ಯಾನು ನಿಂತಿತ್ತು. ನಾನು ಕೂಸಿನ ತುಟಿಯನ್ನೇ ನೋಡುತ್ತಿದ್ದೆ. ಅದು ಅಲುಗಿದರೆ ಉಸಿರಾಡುತ್ತಿದ್ದೆ. ಇದು ಹೋದರೆ ನಾನು ಮಸ್ಕಿಗೆ ಯಾವ ಮುಖ ಹೊತ್ತು ಹೋಗಲಿ ಎಂದು ಯೋಚಿಸಿದೆ. ನನ್ನ ಬಗ್ಗೆಯೇ ಯೋಚಿಸುತ್ತಿದ್ದೇನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ನಾಲ್ಕು ಗಂಟೆಯ ಹೊತ್ತಿಗೆ ಕೂಸು ಒಮ್ಮೆ ಕಿರುಗುಟ್ಟಿತು. ಅಜ್ಜಿ ಅದನ್ನು ತೊಡೆಗೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ಸೀರೆ ಒದ್ದೆಯಾಯಿತು. “ಹೊಯ್ದಾನ್ರಿ,” ಎಂದಳು, ಸೀರೆಯ ಒದ್ದೆ ಜಾಗವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು. ಸಿಸ್ಟರ್ ಗೋಡೆಗೆ ಒರಗಿ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ವರಾಂಡಕ್ಕೆ ಹೋಗಿ ನಳದ ಕೆಳಗೆ ತಲೆಯೊಡ್ಡಿದೆ.

ಮೂರನೆಯ ದಿನ ಕೂಸನ್ನು ಮನೆಗೆ ಕಳಿಸಿದರು. ನನ್ನ ಹೆದರಿಕೆ ಅಂದೇ ಮುಗಿಯಲಿಲ್ಲ. ಎಷ್ಟು ತಿರುಗಿದರೂ ಗೊರೇಬಾಳದ ನಾಲ್ಕು ಚೀಟಿ ಸಿಗಲೇ ಇಲ್ಲ. ದೋಣಿಯಾದ ಒಂದನ್ನು ಬಿಟ್ಟರೆ ಮೂರು. ಆ ಬೇಸಿಗೆ ಪೂರ್ತಿ ದಿನಾ ಮಧ್ಯಾಹ್ನ ದವಾಖಾನೆಯ ಬಾಗಿಲಿಗೆ ಹೋಗಿ, ಗೊರೇಬಾಳದಿಂದ ಯಾರಾದರೂ ಬಂದಿದ್ದಾರೆಯೇ ಎಂದು ವಿಚಾರಿಸಿ ಬರುತ್ತಿದ್ದೆ. ಅಲ್ಲಿಯ ಆಯಾ ನನ್ನನ್ನು ಕಂಡ ಕೂಡಲೇ ತಲೆಯಾಡಿಸಿ ಕಳಿಸುತ್ತಿದ್ದಳು.

ಹೊಸ ಚೀಟಿ ಮಾಡಿದೆವು. ಮಾಲಕರು ಕಾಲಂ ಬೇಡವೇ ಬೇಡ ಎಂದರು. ಸಿಸ್ಟರ್ ಒಪ್ಪಲಿಲ್ಲ. “ಕಾಲಂದೇನು ತಪ್ಪು? ಈಕಿ ನೋಡಲಿಲ್ಲ, ನಾನೂ ನೋಡಲಿಲ್ಲ,” ಎಂದರು. ಆ ದಿನದಿಂದ ನನ್ನ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ತಲೆಬರಹವನ್ನು ಆಯಾ ಕಾಲಂನ ಡಬ್ಬಿಯೊಳಗೇ ಕೂರಿಸಿದೆ. ಪ್ರಿಂಟ್ ಆದ ಮೇಲೆ ಮೂವರೂ ಒಬ್ಬರ ನಂತರ ಒಬ್ಬರು ಬೆರಳಿಟ್ಟು ಓದಿದೆವು. ಆಮೇಲೆ ಸಿಸ್ಟರ್ ಕಟ್ಟನ್ನು ನನ್ನ ಕೈಗೆ ಕೊಟ್ಟು, “ಈ ಸಲ ನೀನೂ ಬಾ. ನೀನೇ ಓದಿ ಹೇಳಬೇಕು,” ಎಂದರು.

ಸಾಲಗುಂದ ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ಹೆಂಗಸರು ಸೇರಿದರು. ಕಾಲಂ ಕಾಲಂಗೆ ಬೆರಳಿಟ್ಟೆ. ಒಂದು ಲೋಟ ನೀರು, ಒಂದು ಚಮಚ ಸಕ್ಕರಿ, ಒಂದು ಚಿಟಿಕಿ ಉಪ್ಪು ಎಂದು ಓದಿದೆ. ಬಾಯಿಗೆ ಹಾಕಿ ನೋಡಿರಿ, ಕಣ್ಣೀರಿಗಿಂತ ಉಪ್ಪಾದರೆ ಚೆಲ್ಲಿಬಿಡಿರಿ ಎಂದು ಸಿಸ್ಟರ್ ಸೇರಿಸಿದರು. ಹಿಂದೆ ನಿಂತಿದ್ದ ಒಬ್ಬಾಕೆ ಕೇಳಿದಳು: “ಸಕ್ಕರಿ ಇಲ್ಲಂದ್ರ ಬೆಲ್ಲ ನಡಿತದೇನ್ರಿ?”

ಸಿಸ್ಟರ್ ನನ್ನ ಕಡೆ ನೋಡಿದರು.

“ನಡಿತದ,” ಎಂದೆ. ಹೇಳಿದ್ದು ಸರಿಯೇ ಎಂದು ಕೂಡಲೇ ತಿರುಗಿ ಸಿಸ್ಟರ್ ಮುಖ ನೋಡಿದೆ. ಅವರು ಹೌದೆಂದು ತಲೆಯಾಡಿಸುವವರೆಗೂ ಇನ್ನೊಂದು ಮಾತು ಆಡಲಿಲ್ಲ.