ಸಿಮೆಂಟ್ ಬೇಡವೆಂದ ಮೇಸ್ತ್ರಿ

ನಮ್ಮ ಮನೆಯ ಬೋರ್‌ವೆಲ್ ಮೇಲೆ ಪುಟ್ಟ ಕೋಣೆ ಕಟ್ಟಿಕೊಟ್ಟವರು ಸಿದ್ದಾಪುರದ ಒಬ್ಬ ಮೇಸ್ತ್ರಿ. ಕಲ್ಲು ಕೂರಿಸಿದ ಮೇಲೆ ಎತ್ತಿನ ಬೆನ್ನು ಚಪ್ಪರಿಸುವಂತೆ ಅದನ್ನು ಎರಡು ಸಲ ತಟ್ಟುವುದು ಅವರ ಅಭ್ಯಾಸ. ಏನು ಕೇಳಿದರೂ ಒಂದೇ ಮಾತು: “ನಾಳೆ ಬರೋನಿಗೆ ತೊಂದ್ರೆ ಆಗ್ಬಾರ್ದು.”

ಗೋಡೆಗೆ ಸಿಮೆಂಟ್ ಹಾಕಿದವರು ಚಾವಣಿಯ ಮೂರು ಚಪ್ಪಡಿಗಳನ್ನು ಮಾತ್ರ ಸುಮ್ಮನೆ ಹೊದಿಸಿ, ಸಂದಿಗೆ ಕರ್ಲುಮಣ್ಣು ಮೆತ್ತಿದರು. ಹಳೆಯ ಮಾಳಿಗೆಮನೆಗಳ ಮೇಲೆ ಹಾಕುವ, ನೀರು ಇಳಿಯಗೊಡದ ಮಣ್ಣು ಅದು. ಅವ್ವನಿಗೆ ಸಮಾಧಾನವಾಗಲಿಲ್ಲ. ಮೇಸ್ತ್ರಿ ಊಟಕ್ಕೆ ಹೋದಾಗ ನನ್ನನ್ನು ಮೇಲೆ ಹತ್ತಿಸಿ, ಉಳಿದಿದ್ದ ಸಿಮೆಂಟನ್ನು ಸಂದಿಗೆಲ್ಲ ತುಂಬಿಸಿದಳು.

ವಾಪಸ್ ಬಂದ ಮೇಸ್ತ್ರಿ ನೋಡಿದರು. ಬಯ್ಯಲಿಲ್ಲ. ಕರಣೆ ಹಿಡಿದು ಹತ್ತಿ, ಹಸಿ ಸಿಮೆಂಟನ್ನೆಲ್ಲ ಕೆರೆದು ತೆಗೆದರು.

“ಮೋಟ್ರು ಸುಟ್ಟೋದ್ರೆ ಪೈಪು ಮೇಲಕ್ಕೆ ಎಳೀಬೇಕಲ್ಲವ್ವಾ. ಆಗ ಚಪ್ಪಡಿ ಒಡೀಬೇಕಾಗ್ತೈತೆ.”

“ಆಗ ನೀವೇ ಬಂದು ತೆಗೆದುಕೊಡ್ರಿ,” ಎಂದಳು ಅವ್ವ.

“ನಾನು ಇರ್ಬೇಕಲ್ಲ,” ಎಂದು ನಕ್ಕು ಮತ್ತೆ ಮಣ್ಣು ಮೆತ್ತಿದರು. ಆಮೇಲೆ ಪ್ರತಿವರ್ಷ ಮಳೆಗೆ ಮುಂಚೆ, ಕರೆಯದಿದ್ದರೂ ಬಂದು ಹೊಸ ಮಣ್ಣು ಹಾಕಿ ಹೋಗುತ್ತಿದ್ದರು.

ಅವರು ತೀರಿಕೊಂಡ ಮರುವರ್ಷ ಮೋಟರ್ ಸುಟ್ಟುಹೋಯಿತು. ಚಳ್ಳಕೆರೆಯಿಂದ ಆಳುಗಳೊಂದಿಗೆ ಬಂದ ಮೆಕ್ಯಾನಿಕ್ ಚಾವಣಿ ನೋಡಿ ಸುತ್ತಿಗೆ ಕೇಳಿದ. ಆಮೇಲೆ ಅನುಮಾನ ಬಂದು ಬೆರಳಿಂದ ಸಂದಿ ಕೆದಕಿದ. ಮಣ್ಣು ಉದುರಿತು. ಚಪ್ಪಡಿಗಳನ್ನು ಒಂದೊಂದಾಗಿ ಕೆಳಗಿಳಿಸಿ, “ಅಮ್ಮಾ, ಇದನ್ನ ಕಟ್ಟಿದ್ದು ಯಾರ್ರಿ?” ಎಂದು ಕೇಳಿದ.

ಅವ್ವ ಚಪ್ಪಡಿಯನ್ನು ಎರಡು ಸಲ ತಟ್ಟಿದಳು.

“ನೀವು ಬರ್ತೀರ ಅಂತ ಗೊತ್ತಿದ್ದೋರಪ್ಪ.”