ಟವೆಲ್ ಒಳಗೆ ಇನ್ನೊಂದು ಕೈ

ನಮ್ಮಪ್ಪ ಅಜ್ಜಂಪುರದಲ್ಲಿ ದನದ ದಲ್ಲಾಳಿ. ಎತ್ತಿನ ರೇಟನ್ನು ಬಾಯಿಬಿಟ್ಟು ಹೇಳುವುದು ಈ ಕಸುಬಿನಲ್ಲಿ ಮರ್ಯಾದೆಯಲ್ಲ. ಕೊಳ್ಳುವವನ ಕೈಮೇಲೆ ಟವೆಲ್ ಹಾಕಿ, ಅದರ ಮರೆಯಲ್ಲಿ ಬೆರಳು ಹಿಡಿದು ರೇಟು ತಿಳಿಯಬೇಕು; ಒಂದೊಂದು ಬೆರಳಿಗೆ ಇಷ್ಟು ರೂಪಾಯಿ ಎಂದು ಲೆಕ್ಕ. ಆಮೇಲೆ ಮಾರುವವನ ಬೆರಳು ಹಿಡಿದು ಅದನ್ನು ದಾಟಿಸಬೇಕು. ಸುತ್ತ ಎಷ್ಟು ಜನ ನಿಂತಿದ್ದರೂ ವಿಷಯ ಟವೆಲ್ ಬಿಟ್ಟು ಆಚೆ ಬರುವುದಿಲ್ಲ. ಎರಡೂ ಕಡೆಯ ಗುಟ್ಟು ಗೊತ್ತಿರುವುದು ದಲ್ಲಾಳಿಗೆ ಮಾತ್ರ. ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುವ ಮನುಷ್ಯ ಎಂದು ಅಪ್ಪನಿಗೆ ಕಡೂರಿನಿಂದ ತರೀಕೆರೆಯವರೆಗೂ ಹೆಸರಿತ್ತು.

ಅಂಥವನ ಬೆರಳ ತುದಿಗೆ ಜೋಮು ಹಿಡಿಯಿತು. ಬಿಸಿ ಕಾಫಿ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಸಂತೆಯಲ್ಲಿ ಎದುರಿನವರ ಬೆರಳನ್ನು ಅಮುಕಿ ಅಮುಕಿ ಅಂದಾಜು ಮಾಡುತ್ತಿದ್ದ. "ಏನಯ್ಯಾ, ಮುರ್ದೇ ಬಿಡ್ತೀಯಾ?" ಎಂದು ಜನ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಮನೆಗೆ ಬಂದ ಮೇಲೆ ಮುಖ ಇಳಿಬಿಟ್ಟು ಕೂರುತ್ತಿದ್ದ.

"ಯಾರ್ಗೂ ಹೇಳ್ಬೇಡ ಕಣೇ. ದೊಡ್ಡ ರೋಗ, ಕುಷ್ಠ ಅಂತ ಗುಲ್ಲಾದ್ರೆ ನನ್ ಕೈಗೆ ಕೈ ಕೊಡೋರ್ ಯಾರು?"

ಆಸ್ಪತ್ರೆಗೆ ಬಾ ಎಂದು ನಾನು ಕರೆದರೆ ಅಲ್ಲಿ ಗುರುತಿನವರು ಸಿಗುತ್ತಾರೆಂದು ಹಟ ಹಿಡಿದ. ಕೊನೆಗೆ ಫೋನಿನಲ್ಲೇ ಡಾಕ್ಟರನ್ನು ಕೇಳೋಣ ಎಂದೆ. ಫೋನು ಅಪ್ಪನದು, ಕಡೂರಿನಲ್ಲಿ ಕೊಂಡದ್ದು. ನಮ್ಮ ಬೀದಿಯಲ್ಲಿ ನೆಟ್ ತೆವಳುತ್ತದೆ ಎಂದಾಗ ಅಂಗಡಿಯವನು ಒಂದು ಬ್ರೌಸರ್ ಹಾಕಿಕೊಟ್ಟಿದ್ದ. ಡೇಟಾ ಕಮ್ಮಿ ತಿನ್ನುತ್ತದೆ, ಪೇಜು ಬೇಗ ತೆರೆಯುತ್ತದೆ ಎಂದಿದ್ದ. ನಿಜವಾಗಿಯೂ ಬೇಗ ತೆರೆಯಿತು. ಮೇಲೊಂದು ಪುಟ್ಟ ಬೀಗದ ಗುರುತು.

"ಇದೇನೇ, ಬೀಗ?"

"ನಾವು ಬರೆದದ್ದು ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ ಅಂತ."

"ಹಂಗಾದ್ರೆ ಟವೆಲ್ ಇದ್ದಂಗೆ," ಎಂದು ಅಪ್ಪ ಸಮಾಧಾನದಿಂದ ಕಾಲು ಚಾಚಿದ. ಅವನು ಹೇಳುತ್ತಾ ಹೋದ, ನಾನು ಹಾಗೇ ಬರೆದೆ: ಬಿಸಿ ಲೋಟ, ದೊಡ್ಡ ರೋಗದ ಭಯ, ಕೊನೆಗೆ ಫೋನ್ ನಂಬರು. ಸಕ್ಕರೆ ಕಾಯಿಲೆಯಿಂದಲೂ ಹೀಗಾಗುತ್ತದೆ, ರಕ್ತ ಪರೀಕ್ಷೆ ಮಾಡಿಸಿ ಎಂದು ಡಾಕ್ಟರ ಉತ್ತರ ಬಂತು. ಈ ಸಂತೆ ಕಳೆಯಲಿ ಎಂದ ಅಪ್ಪ.

ಆಮೇಲೆ ಶುರುವಾಯಿತು. ಹಿಂಡಿಯ ರೇಟು ನೋಡಲು ಫೋನು ತೆರೆದರೆ ನಡುವೆ ಜಾಹೀರಾತಿನ ಒಂದು ಕೈ ಬರುತ್ತಿತ್ತು. ಬಿಳಿಚಿದ ಕೈ, ತುದಿಯಲ್ಲಿ ಕಪ್ಪಾದ ಬೆರಳುಗಳು. ಹವಾಮಾನ ನೋಡಿದರೂ ಅದೇ ಕೈ. ಅಪ್ಪ ಫೋನನ್ನು ಮಂಚದ ಮೇಲೆ ಬೋರಲು ಹಾಕಿ ಎದ್ದುಹೋಗುತ್ತಿದ್ದ. ಒಂದು ಮಧ್ಯಾಹ್ನ ಫೋನು ಬಂತು. ತುಂಬ ಮೆಲುದನಿಯ ಹೆಂಗಸು.

"ಬಿಸಿ ಲೋಟ ಹಿಡಿದರೂ ಗೊತ್ತಾಗಲ್ಲ ಅಂದಿದ್ದಿರಲ್ಲ ಸಾರ್, ನಮ್ಮಲ್ಲಿ ಎಣ್ಣೆ ಇದೆ."

ಅಪ್ಪನದೇ ಮಾತು. ಅವನು ಅದನ್ನು ಹೇಳಿದ್ದು ನನ್ನೊಬ್ಬಳ ಮುಂದೆ, ಬಾಗಿಲು ಹಾಕಿಕೊಂಡು.

ಡಾಕ್ಟರ ಕಡೆಯವರನ್ನು ಕೇಳಿದೆ. ನಾವು ಯಾರಿಗೂ ಕೊಟ್ಟಿಲ್ಲ ಎಂದರು. ಸಿಟ್ಟಿನಿಂದ ಆ ಬ್ರೌಸರಿನ ಸೆಟ್ಟಿಂಗ್ಸ್ ಕೆದಕುತ್ತಾ ಹೋದೆ. ಬೀಗವಿರುವ ಪುಟಗಳನ್ನೂ ತಮ್ಮ ಸರ್ವರಿನಲ್ಲಿ ಬಿಚ್ಚಿ, ಕಿರಿದು ಮಾಡಿ ಕಳಿಸುತ್ತೇವೆ ಎಂದು ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬೀಗ ಸುಳ್ಳಲ್ಲ. ಆದರೆ ಅದು ನಮಗೂ ಡಾಕ್ಟರಿಗೂ ನಡುವಿನ ಬೀಗವಲ್ಲ, ನಮಗೂ ಬ್ರೌಸರಿನವರಿಗೂ ನಡುವಿನದು. ಅಲ್ಲಿಂದಲೇ ಹೊರಬಿತ್ತೆಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಅಲ್ಲಿ ಯಾರೋ ಕೂತು ಬಿಚ್ಚುತ್ತಿದ್ದರು ಎಂಬುದಂತೂ ನಿಜ.

ಅಪ್ಪನಿಗೆ ವಿವರಿಸಿದೆ.

"ಅಂದ್ರೆ ನಡುವೆ ದಲ್ಲಾಳಿ ಇದ್ದ. ಅವನ್ನ ಕರ್ದೋರ್ ಯಾರೇ?"

ಬ್ರೌಸರನ್ನು ಕಿತ್ತುಹಾಕಿದೆ. ಆ ಹೆಂಗಸಿನ ನಂಬರನ್ನು ಬ್ಲಾಕ್ ಮಾಡಿದೆ. ಹೋದ ಮಾತನ್ನು ವಾಪಸ್ ಕರೆಯಲು ಮಾತ್ರ ಆಗಲಿಲ್ಲ.

ತರೀಕೆರೆ ಸಂತೆಗೆ ಅವನನ್ನು ಸ್ಕೂಟರಿನಲ್ಲಿ ಕರೆದೊಯ್ದವಳು ನಾನೇ. ದೇವನೂರು ಕಡೆಯ ರೈತರೊಬ್ಬರು ಎತ್ತು ಕೊಳ್ಳಲು ಬಂದಿದ್ದರು. ಟವೆಲ್ ಬಿತ್ತು, ಕೈಗಳು ಒಳಗೆ ಹೋದವು. ಅಷ್ಟರಲ್ಲಿ ಅಪ್ಪನ ಫೋನು ಬಡಿದುಕೊಂಡಿತು. ಕಿವಿಗೆ ಹಿಡಿದರೆ ಕೈಜಾರುತ್ತದೆಂದು ಅವನು ಯಾವಾಗಲೂ ಸ್ಪೀಕರ್ ಹಾಕುತ್ತಿದ್ದ. ಎಡಗೈಯಲ್ಲಿ ತೆಗೆದು, ಒತ್ತಿ, ಸ್ಕೂಟರಿನ ಮೇಲಿಟ್ಟ. ನಂಬರು ಬೇರೆ, ದನಿ ಅದೇ.

"ಸಾರ್, ಬೆರಳಿನ ಸ್ಪರ್ಶ ಪೂರ್ತಿ ಹೋಯಿತಾ? ದೊಡ್ಡ ರೋಗ ಇರಬಹುದು ಅಂತ ಭಯಪಟ್ಟಿದ್ದಿರಲ್ಲ?"

ನಾನು ನುಗ್ಗಿ ಫೋನು ಆರಿಸಿದೆ. ಸುತ್ತಲಿನವರು ಎತ್ತನ್ನು ಬಿಟ್ಟು ಅಪ್ಪನನ್ನು ನೋಡುತ್ತಿದ್ದರು. ಆ ರೈತರು ಮೆಲ್ಲನೆ ಕೈ ಹೊರಗೆಳೆದು, ಪಂಚೆಗೆ ಒರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

ನಾಚಿಕೆಗೆ ಅಪ್ಪ ತಲೆ ಎತ್ತಿರಲಿಲ್ಲ. ಟವೆಲನ್ನೇ ನೋಡುತ್ತಾ ನಗಲು ನೋಡಿದ.

"ಯಾವ್ದೋ ರಾಂಗ್ ನಂಬರ್ ಕಣ್ರೀ," ಎಂದ. ಟವೆಲ್ಲಿನ ಒಳಗೆ ಅವನ ಕೈ ಬರೀ ಬಟ್ಟೆಯನ್ನು ಇನ್ನೂ ಅಮುಕುತ್ತಲೇ ಇತ್ತು. "ಇನ್ನೊಂದ್ ಬೆರಳು ಸೇರ್ಸಿ, ಮುಗ್ಸಿಬಿಡಾನ."